ಮೂರು ಸಿಂಹಗಳ ಬೆನ್ನು ಹತ್ತಿ: ಓ'ಬ್ರಿಯನ್ ಮನೆತನದ ನಾಡಿನಲ್ಲಿ ಆರು ದಿನ

ಮೊದಲನೆಯ ದಿನ: ಡಬ್ಲಿನ್

ನನ್ನ ಮಗಳು ಐರ್ಲೆಂಡಿನ ಹುಡುಗನನ್ನು ಮದುವೆಯಾಗಿ ಡಬ್ಲಿನ್ನಿನಲ್ಲಿ ನೆಲೆಸಿ ಹತ್ತು ವರ್ಷಗಳಾದವು. ಅಳಿಯನ ಮನೆತನದ ಹೆಸರು ಓ'ಬ್ರಿಯನ್. ಹಾಗಾಗಿ ಏಳು ವರ್ಷದ ನನ್ನ ಮೊಮ್ಮಗನೂ ಓ'ಬ್ರಿಯನ್. ಈ ಬೇಸಿಗೆಯಲ್ಲಿ ನಾನು ಹಾಸನದಿಂದ ಹೊರಟು ಅವರ ಮನೆ ತಲುಪಿದ ಬೆಳಿಗ್ಗೆಯೇ ಅವನು ನನ್ನನ್ನು ತನ್ನ ಕೋಣೆಗೆ ಎಳೆದೊಯ್ದು, ಗೋಡೆಗೆ ತೂಗುಹಾಕಿದ್ದ ಚೌಕಟ್ಟೊಂದನ್ನು ತೋರಿಸಿದ. ಪ್ರವಾಸಿಗರಿಗಾಗಿ ಇರುವ ಅಂಗಡಿಯೊಂದರಲ್ಲಿ ಕೊಂಡ ಅಚ್ಚಿನ ಚಿತ್ರ ಅದು. ಕೆಂಪು ಗುರಾಣಿಯ ಮೇಲೆ ಒಂದರ ಕೆಳಗೊಂದರಂತೆ ಮೂರು ಸಿಂಹಗಳು. ಪ್ರತಿಯೊಂದೂ ಮುಂಗಾಲೊಂದನ್ನು ಎತ್ತಿಕೊಂಡು ನಡೆಯುತ್ತಿದ್ದರೂ ಮುಖವನ್ನು ಮಾತ್ರ ನೋಡುವವರ ಕಡೆಗೆ ತಿರುಗಿಸಿದೆ; ಪ್ರತಿ ಸಿಂಹದ ಮುಂಭಾಗಕ್ಕೆ ಚಿನ್ನದ ಬಣ್ಣ, ಹಿಂಭಾಗಕ್ಕೆ ಬೆಳ್ಳಿಯ ಬಣ್ಣ. ಗುರಾಣಿಯ ಮೇಲುಗಡೆ ಮೋಡದೊಳಗಿಂದ ಚಾಚಿದ ತೋಳೊಂದು ಕತ್ತಿಯನ್ನು ಝಳಪಿಸುತ್ತಿದೆ. ಕೆಳಗಿನ ಪಟ್ಟಿಯಲ್ಲಿ ಐರಿಷ್ ಭಾಷೆಯ ಧ್ಯೇಯವಾಕ್ಯ. 'ಬಲವಾದ ಕೈ ಮೇಲೆ' ಎಂದು ಅದರ ಅರ್ಥವನ್ನು ಅಳಿಯ ಬಿಡಿಸಿ ಹೇಳಿದಾಗ, ನಮ್ಮ 'ಮೇಲುಗೈ' ಎಂಬ ಒಂದೇ ಪದದಲ್ಲಿ ಅದೆಲ್ಲವೂ ಅಡಗಿದೆಯಲ್ಲ ಎಂದು ನನಗೆ ಸಂತೋಷವಾಯಿತು.

"ತಾತ, ಈ ಸಿಂಹಗಳು ನಮ್ಮವು. ಇವನ್ನು ನಮಗೆ ಯಾರು ಕೊಟ್ಟರು?" ಎಂದು ಮೊಮ್ಮಗ ಕೇಳಿದ. ಮೂವತ್ತು ವರ್ಷ ಇತಿಹಾಸದ ಪಾಠ ಹೇಳಿದ ನನಗೆ ಉತ್ತರ ತಿಳಿದಿರಲಿಲ್ಲ. ಚಾಲುಕ್ಯರ ವರಾಹ, ಕದಂಬರ ಸಿಂಹ, ಹೊಯ್ಸಳರ ಸಳ ಇವುಗಳ ಬಗೆಗೆ ಗಂಟೆಗಟ್ಟಲೆ ಮಾತನಾಡಬಲ್ಲವನು ಮೊಮ್ಮಗನ ಮನೆತನದ ಲಾಂಛನದ ಮುಂದೆ ಸುಮ್ಮನೆ ನಿಂತೆ. ಅಂದು ಸಂಜೆಯೇ ನಮ್ಮ ಪ್ರವಾಸದ ದಾರಿ ಬದಲಾಯಿತು. ಬೇರೆ ಊರುಗಳನ್ನೆಲ್ಲ ಬಿಟ್ಟು, ಈ ಹೆಸರು ಹುಟ್ಟಿ ಬೆಳೆದ ಜಾಗಗಳಿಗೇ ಹೋಗುವುದೆಂದು ನಿಶ್ಚಯಿಸಿದೆವು.

ಎರಡನೆಯ ದಿನ: ಡಬ್ಲಿನ್

ಕಿಲ್ಡೇರ್ ಬೀದಿಯಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯವಿದೆ. ಲಾಂಛನಗಳನ್ನು ದಾಖಲಿಸುವ, ಹೊಸದಾಗಿ ನೀಡುವ ಮುಖ್ಯ ಲಾಂಛನಾಧಿಕಾರಿಯ ಕಚೇರಿಯೂ ಇದೇ ಸಂಸ್ಥೆಗೆ ಸೇರಿದೆ. ಇದರ ಮೂಲ 1552ರಷ್ಟು ಹಿಂದಿನದು. ಆ ವರ್ಷ ಇಂಗ್ಲೆಂಡಿನ ದೊರೆ ಆರನೆಯ ಎಡ್ವರ್ಡ್, ಐರ್ಲೆಂಡಿನ ಲಾಂಛನಗಳ ಉಸ್ತುವಾರಿಗೆಂದು 'ಅಲ್ಸ್ಟರ್ ಕಿಂಗ್ ಆಫ್ ಆರ್ಮ್ಸ್' ಎಂಬ ಹುದ್ದೆಯನ್ನು ಸೃಷ್ಟಿಸಿದ. ಮುಂದೆ ಈ ಕಚೇರಿ ಡಬ್ಲಿನ್ ಕೋಟೆಯೊಳಗೆ ಇತ್ತು. 1907ರಲ್ಲಿ ಐರ್ಲೆಂಡಿನ ರಾಜಾಭರಣಗಳೆಂದು ಹೆಸರಾದ ಒಡವೆಗಳು ಕಳುವಾದದ್ದು ಅಲ್ಲಿಂದಲೇ, ಅವು ಇಂದಿಗೂ ಸಿಕ್ಕಿಲ್ಲ. 1943ರಲ್ಲಿ ಕಚೇರಿ ಸ್ವತಂತ್ರ ಐರ್ಲೆಂಡಿನ ಕೈಗೆ ಬಂದಿತು. ವಂಶಾವಳಿಗಳ ವಿದ್ವಾಂಸ ಎಡ್ವರ್ಡ್ ಮ್ಯಾಕ್‌ಲೈಸಟ್ ಅದರ ಹೊಣೆ ಹೊತ್ತರು.

ಗೋಡೆಯ ಮೇಲಿನ ಚಿತ್ರ ನಿಜವಾಗಿ ಯಾರದು ಎಂಬ ಪ್ರಶ್ನೆಗೆ ಗ್ರಂಥಾಲಯದ ಸಿಬ್ಬಂದಿಯೊಬ್ಬರು ತಾಳ್ಮೆಯಿಂದ ಉತ್ತರಿಸಿದರು. ಲಾಂಛನಶಾಸ್ತ್ರದ ಕಟ್ಟುನಿಟ್ಟಿನ ನಿಯಮದಂತೆ ಗುರಾಣಿಯ ಚಿಹ್ನೆ ಒಂದು ಹೆಸರಿಗೆ ಸೇರಿದ್ದಲ್ಲ, ಒಬ್ಬ ವ್ಯಕ್ತಿಗೂ ಅವನ ನೇರ ವಾರಸುದಾರರಿಗೂ ಸೇರಿದ್ದು. ಓ'ಬ್ರಿಯನ್ ಎಂಬ ಹೆಸರಿರುವ ಮಾತ್ರಕ್ಕೆ ಯಾರೂ ಮೂರು ಸಿಂಹಗಳನ್ನು ತನ್ನದೆಂದು ಹೇಳಿಕೊಳ್ಳಲಾಗದು. ಆದರೆ ಐರ್ಲೆಂಡಿನ ಕುಲಗಳ ಸ್ವರೂಪವೇ ಬೇರೆಯಾದ್ದರಿಂದ ಮ್ಯಾಕ್‌ಲೈಸಟ್ ಒಂದು ಮಧ್ಯದ ದಾರಿಯನ್ನು ಕಂಡುಕೊಂಡರು: ಒಂದೇ ಮೂಲದಿಂದ ಬಂದ ಬಳಗದವರು ತಮ್ಮ ಮುಖ್ಯಸ್ಥನ ಲಾಂಛನವನ್ನು ಅಭಿಮಾನಕ್ಕಾಗಿ ಗೋಡೆಗೆ ತೂಗುಹಾಕಬಹುದು, ಆದರೆ ತನ್ನ ಸ್ವಂತದ್ದೆಂದು ಮುದ್ರೆಯಲ್ಲಿಯೋ ಕಾಗದದ ತಲೆಬರಹದಲ್ಲಿಯೋ ಬಳಸಬಾರದು. ಅವರು ಹೇಳಿದ ಈ ಬಳಗ ನಮ್ಮಲ್ಲಿಯ 'ಬೆಡಗು' ಅಥವಾ 'ಬಳಿ'ಗೆ ಹತ್ತಿರದ್ದೆಂದು ನನಗೆ ತೋರಿತು. ಮೊಮ್ಮಗನ ಮುಖ ಸ್ವಲ್ಪ ಬಾಡಿದರೂ, ಗೋಡೆಯಿಂದ ಇಳಿಸಬೇಕಿಲ್ಲವೆಂದು ತಿಳಿದು ಸಮಾಧಾನಗೊಂಡ.

ಹೆಸರಿನ ಕಥೆ ಇದಕ್ಕಿಂತ ಹಳೆಯದು, ನನ್ನ ಮನಸ್ಸಿಗೆ ಇದಕ್ಕಿಂತ ಹತ್ತಿರದ್ದು. 'ಓ' ಎಂಬುದು ಐರಿಷ್ ಭಾಷೆಯಲ್ಲಿ ಮೊದಲು 'ಉಅ' ಎಂದಿತ್ತು. ಅದರ ಅರ್ಥ ಮೊಮ್ಮಗ, ವಿಸ್ತರಿಸಿದರೆ ವಂಶಜ. 'ಮ್ಯಾಕ್' ಎಂದರೆ ಮಗ. ಓ'ಬ್ರಿಯನ್ ಎಂದರೆ ಬ್ರಿಯನ್‌ನ ಮೊಮ್ಮಗ. ಆ ಬ್ರಿಯನ್ ಯಾರೆಂದರೆ, ಶ್ಯಾನನ್ ನದಿಯ ದಡದ ಡಾಲ್ ಗ್ಯಾಶ್ ಎಂಬ ಚಿಕ್ಕ ಕುಲದಲ್ಲಿ ಹುಟ್ಟಿ, 1002ರ ಹೊತ್ತಿಗೆ ಇಡೀ ಐರ್ಲೆಂಡಿನ ಮಹಾರಾಜನೆನಿಸಿದ ಬ್ರಿಯನ್ ಬೊರು. ಎಲ್ಲರೂ ಮನೆತನದ ಹೆಸರನ್ನು ಇಟ್ಟುಕೊಳ್ಳಬೇಕೆಂದು ಅವನೇ ಆಜ್ಞೆ ಹೊರಡಿಸಿದನೆಂಬ ಕಥೆ ಜನಪ್ರಿಯವಾದರೂ ಅದಕ್ಕೆ ಆಧಾರವಿಲ್ಲ. ಹತ್ತು ಮತ್ತು ಹನ್ನೊಂದನೆಯ ಶತಮಾನಗಳಲ್ಲಿ ಐರ್ಲೆಂಡಿನ ರಾಜಮನೆತನಗಳಲ್ಲಿ ಈ ಪದ್ಧತಿ ತಾನಾಗಿಯೇ ಬೇರೂರಿತು. ಅದಕ್ಕೆ ಮೊದಲು 'ಉಅ' ಎಂದರೆ ನಿಜವಾದ ಮೊಮ್ಮಗ ಮಾತ್ರ. ಪ್ರತಿ ತಲೆಮಾರಿಗೂ ಹೆಸರು ಬದಲಾಗುತ್ತಿತ್ತು. 1086ರಲ್ಲಿ ತೀರಿಕೊಂಡ ಟರ್ಲೋ ಎಂಬ ಅರಸ ಬ್ರಿಯನ್‌ನ ನಿಜವಾದ ಮೊಮ್ಮಗ. ಅವನ ಮಕ್ಕಳು ಬ್ರಿಯನ್‌ಗೆ ಮರಿಮಕ್ಕಳಾದರೂ 'ಮೊಮ್ಮಗ' ಎಂಬುದನ್ನೇ ಹಿಡಿದುಕೊಂಡರು, ಅಲ್ಲಿಂದ ಮುಂದೆ ಅದು ಸ್ಥಿರವಾಯಿತು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡಿನಿಂದ ಬಂದ ನನಗೆ, ಮೊಮ್ಮಗನೆಂಬ ಮಾತೇ ಸಾವಿರ ವರ್ಷಗಳಿಂದ ಒಂದು ಮನೆತನದ ಹೆಸರಾಗಿ ಉಳಿದಿರುವುದು ಬಹಳ ಹಿಡಿಸಿತು.

ಮಧ್ಯಾಹ್ನ ಟ್ರಿನಿಟಿ ಕಾಲೇಜಿಗೆ ಹೋದೆವು. ಅಲ್ಲಿ 'ಬ್ರಿಯನ್ ಬೊರುವಿನ ಹಾರ್ಪ್' ಎಂದು ಕರೆಯುವ ಹಳೆಯ ತಂತಿವಾದ್ಯವಿದೆ. ಐರ್ಲೆಂಡಿನ ನಾಣ್ಯಗಳ ಮೇಲೆ, ಪಾಸ್‌ಪೋರ್ಟಿನ ಮೇಲೆ ಇರುವ ರಾಷ್ಟ್ರಲಾಂಛನಕ್ಕೆ ಇದೇ ಮಾದರಿ. ವಾಸ್ತವದಲ್ಲಿ ಇದು ಬ್ರಿಯನ್ ತೀರಿಕೊಂಡು ಶತಮಾನಗಳಾದ ಮೇಲೆ, ಮಧ್ಯಯುಗದ ಕೊನೆಯ ಭಾಗದಲ್ಲಿ ತಯಾರಾದದ್ದು. ಅದಕ್ಕಿಂತ ನನ್ನ ಮನಸ್ಸು ಹೋದದ್ದು ಅದೇ ಗ್ರಂಥಾಲಯ ಕಾಪಾಡಿಕೊಂಡು ಬಂದಿರುವ 'ಆರ್ಮಾ ಗ್ರಂಥ'ದ ಕಡೆಗೆ. 1005ರಲ್ಲಿ ಬ್ರಿಯನ್ ಆರ್ಮಾ ಮಠಕ್ಕೆ ಭೇಟಿ ಕೊಟ್ಟು ಕಾಣಿಕೆ ಸಲ್ಲಿಸಿದಾಗ, ಅವನ ಜೊತೆಗಿದ್ದ ಲಿಪಿಕಾರ ಆ ಗ್ರಂಥದಲ್ಲಿ ಲ್ಯಾಟಿನ್ ಭಾಷೆಯ ಕೆಲವು ಸಾಲುಗಳನ್ನು ಸೇರಿಸಿ, ಇದನ್ನು ಐರಿಷರ ಚಕ್ರವರ್ತಿ ಬ್ರಿಯನ್‌ನ ಸಮ್ಮುಖದಲ್ಲಿ ಬರೆದೆನೆಂದು ನಮೂದಿಸಿದ. ಅರಸ ಬದುಕಿದ್ದಾಗಲೇ, ಅವನ ಕಣ್ಣೆದುರಿನಲ್ಲೇ ಬರೆದ ಹೆಸರು ಅದು. ಶಾಸನಗಳನ್ನು ಓದಿ ಬೆಳೆದ ನನಗೆ ಇಂಥ ಒಂದು ಸಾಲು ನೂರು ದಂತಕಥೆಗಳಿಗಿಂತ ಮಿಗಿಲು. ಆ ಸಾಲಿನಲ್ಲಿ ಸಿಂಹದ ಸುಳಿವಿಲ್ಲ.

ಮೂರನೆಯ ದಿನ: ಕ್ಲಾಂಟಾರ್ಫ್, ಕ್ಯಾಶೆಲ್

ಕ್ಲಾಂಟಾರ್ಫ್ ಇಂದು ಡಬ್ಲಿನ್ನಿನ ಕಡಲಂಚಿನ ಬಡಾವಣೆ. 1014ರ ಏಪ್ರಿಲ್ 23ರಂದು, ಶುಭ ಶುಕ್ರವಾರದ ದಿನ, ಬ್ರಿಯನ್‌ನ ಸೈನ್ಯ ಇಲ್ಲಿ ಡಬ್ಲಿನ್ನಿನ ವೈಕಿಂಗರನ್ನೂ ಲೆನ್‌ಸ್ಟರ್ ನಾಡಿನವರನ್ನೂ ಸೋಲಿಸಿತು. ಮುದುಕನಾಗಿದ್ದ ಬ್ರಿಯನ್ ಮಾತ್ರ ಅಂದೇ ಹತನಾದ. ಅವನ ದೇಹವನ್ನು ಉತ್ತರದ ಆರ್ಮಾಕ್ಕೆ ಒಯ್ದು ಸಮಾಧಿ ಮಾಡಿದರು. ನಾವು ಹೋದಾಗ ಜನ ನಾಯಿಗಳನ್ನು ಕರೆದುಕೊಂಡು ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದರು. ಅಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ದಕ್ಷಿಣದ ಟಿಪ್ಪೆರರಿ ಸೀಮೆಯಲ್ಲಿ, ಹಸಿರು ಬಯಲಿನ ನಡುವೆ ಒಮ್ಮೆಲೇ ಎದ್ದು ನಿಲ್ಲುವ ಸುಣ್ಣಕಲ್ಲಿನ ಗುಡ್ಡವೇ ಕ್ಯಾಶೆಲ್. ಮನ್‌ಸ್ಟರ್ ನಾಡಿನ ಅರಸರ ಗದ್ದುಗೆ ಇಲ್ಲಿತ್ತು. ಬೇರೆ ವಂಶದ ಕೈಯಲ್ಲಿದ್ದ ಈ ಗುಡ್ಡವನ್ನು ಮೊದಲು ಹಿಡಿದವನು ಬ್ರಿಯನ್‌ನ ಅಣ್ಣ. ಅಣ್ಣನ ಕೊಲೆಯಾದ ಮೇಲೆ ಬ್ರಿಯನ್ ಅರಸನಾದ. ಅವನ ಮರಿಮಗ ಮುರ್ಹರ್ತಾಹ್ ಓ'ಬ್ರಿಯನ್ 1101ರಲ್ಲಿ ಇಡೀ ಗುಡ್ಡವನ್ನು ಚರ್ಚಿಗೆ ದಾನವಾಗಿ ಕೊಟ್ಟುಬಿಟ್ಟ. ಇದು ಭಕ್ತಿಯೂ ಹೌದು, ಜಾಣ್ಮೆಯೂ ಹೌದು: ಹಳೆಯ ವಂಶದವರು ಮತ್ತೆಂದೂ ಬಂದು ಕೂರಲಾಗದಂತೆ ಗದ್ದುಗೆಯನ್ನೇ ದೇವರಿಗೆ ಒಪ್ಪಿಸಿದಂತಾಯಿತು. ಮಳೆ ಹನಿಯುತ್ತಿದ್ದಾಗ ಮೇಲೆ ನಿಂತು ಸುತ್ತಲಿನ ಬಯಲನ್ನು ನೋಡಿದರೆ, ಈ ಗುಡ್ಡವನ್ನು ಹಿಡಿದವನಿಗೆ ನಾಡು ಏಕೆ ತಲೆಬಾಗುತ್ತಿತ್ತೆಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ನಾಲ್ಕನೆಯ ದಿನ: ಕಿಲ್ಲಲೂ, ಲಿಮರಿಕ್

ಕಿಲ್ಲಲೂ ಶ್ಯಾನನ್ ನದಿಯ ಮೇಲಿನ ಚಿಕ್ಕ ಊರು. ಹದಿಮೂರು ಕಮಾನುಗಳ ಹಳೆಯ ಕಲ್ಲಿನ ಸೇತುವೆಯನ್ನು ದಾಟಿ ಏರುಬೀದಿಯಲ್ಲಿ ಹತ್ತಿದರೆ, ಬ್ರಿಯನ್‌ನ ಕಿಂಕೋರ ಅರಮನೆ ಇತ್ತೆಂದು ಹೇಳುವ ಜಾಗದಲ್ಲಿ ಇಂದು ಕ್ಯಾಥೋಲಿಕ್ ಚರ್ಚ್ ಇದೆ. ಅರಮನೆಯ ಒಂದು ಕಲ್ಲೂ ಉಳಿದಿಲ್ಲ. ಊರಿನಿಂದ ಉತ್ತರಕ್ಕೆ ಸ್ವಲ್ಪ ದೂರ ಹೋದರೆ, ನದಿ ಸರೋವರದಿಂದ ಹೊರಬೀಳುವ ತಾವಿನಲ್ಲಿ, ಬೀಚ್ ಮರಗಳ ನೆರಳಿನಲ್ಲಿ ಬೇಲ್ ಬೊರು ಎಂಬ ಮಣ್ಣಿನ ಕೋಟೆಯಿದೆ. ದುಂಡನೆಯ ಎತ್ತರದ ದಿಬ್ಬ, ಸುತ್ತಲೂ ಕಂದಕ, ಅಷ್ಟೇ. ಬೊರು ಎಂಬ ಬಿರುದು ಈ ಜಾಗದಿಂದ ಬಂದಿತೆಂದು ಕೆಲವರು, ಅವನು ವಸೂಲು ಮಾಡುತ್ತಿದ್ದ ದನಗಳ ಕಪ್ಪದಿಂದ ಬಂದಿತೆಂದು ಇನ್ನು ಕೆಲವರು ಹೇಳುತ್ತಾರೆ. ಮೊಮ್ಮಗ ದಿಬ್ಬದ ಮೇಲೆ ಓಡಿ ಒಂದು ಸುತ್ತು ಹಾಕಿ ಬಂದು, "ಇಲ್ಲಿ ಸಿಂಹಗಳೇ ಇಲ್ಲವಲ್ಲ ತಾತ" ಎಂದ.

ಇರುವುದು ಸಾಧ್ಯವೂ ಇರಲಿಲ್ಲ ಎಂದು ಅವನಿಗೆ ಅಲ್ಲೇ ಕೂರಿಸಿಕೊಂಡು ಹೇಳಿದೆ. ಗುರಾಣಿಯ ಮೇಲೆ ವಂಶದ ಚಿಹ್ನೆಯನ್ನು ಬರೆಸಿ ಅದನ್ನು ಮಕ್ಕಳು ಮೊಮ್ಮಕ್ಕಳಿಗೆ ದಾಟಿಸುವ ಪದ್ಧತಿ ಪಶ್ಚಿಮ ಯುರೋಪಿನಲ್ಲಿ ಹುಟ್ಟಿದ್ದು ಹನ್ನೆರಡನೆಯ ಶತಮಾನದಲ್ಲಿ. ಮುಖ ಮುಚ್ಚುವ ಶಿರಸ್ತ್ರಾಣ ಧರಿಸಿದ ಯೋಧನನ್ನು ದೂರದಿಂದಲೇ ಗುರುತಿಸಬೇಕಾಗಿತ್ತು. ಆದ್ದರಿಂದಲೇ ಗಾಢವಾದ ಬಣ್ಣದ ಮೇಲೆ ಚಿನ್ನವನ್ನೋ ಬೆಳ್ಳಿಯನ್ನೋ ಇಡಬೇಕೆಂಬ ನಿಯಮ ಬಂದದ್ದು. ಕೆಂಪಿನ ಮೇಲೆ ಕಪ್ಪು ಸಿಂಹವನ್ನು ಬರೆದರೆ ಐವತ್ತು ಗಜ ದೂರಕ್ಕೆ ಅದು ಕಾಣಿಸದು. ಈ ಪದ್ಧತಿ ಐರ್ಲೆಂಡಿಗೆ ಬಂದದ್ದು ಆ ಶತಮಾನದ ಕೊನೆಯ ಭಾಗದಲ್ಲಿ, ಇಂಗ್ಲೆಂಡಿನ ಕಡೆಯಿಂದ ದಂಡೆತ್ತಿ ಬಂದ ನಾರ್ಮನ್ನರ ಜೊತೆಗೆ. ಅಷ್ಟು ಹೊತ್ತಿಗೆ ಬ್ರಿಯನ್ ಸತ್ತು ನೂರೈವತ್ತು ವರ್ಷಗಳು ಕಳೆದಿದ್ದವು. ಬೇಲೂರಿನ ಬಾಗಿಲಲ್ಲಿ ಸಳ ಹುಲಿಯನ್ನು ಹೊಡೆಯುವ ಶಿಲ್ಪವನ್ನು ಮೊಮ್ಮಗ ಕಳೆದ ವರ್ಷ ನೋಡಿದ್ದ. ಆ ಕಥೆಯೂ ಹೊಯ್ಸಳರು ದೊಡ್ಡವರಾದ ಮೇಲೆ, ಹೆಸರನ್ನು ವಿವರಿಸಲು ಹುಟ್ಟಿಕೊಂಡದ್ದೆಂದು ವಿದ್ವಾಂಸರು ಹೇಳುತ್ತಾರೆ ಎಂದೆ. ಅವನಿಗೆ ಎಷ್ಟು ಅರ್ಥವಾಯಿತೋ ಕಾಣೆ, ಆದರೆ ತಲೆ ಆಡಿಸಿದ.

ಮಧ್ಯಾಹ್ನದ ಮೇಲೆ ಲಿಮರಿಕ್‌ನ ಸೇಂಟ್ ಮೇರಿ ಕೆಥೀಡ್ರಲ್ ನೋಡಿದೆವು. 1168ರಲ್ಲಿ ಅರಸ ಡೋನಲ್ ಮೋರ್ ಓ'ಬ್ರಿಯನ್ ತನ್ನ ಅರಮನೆಯ ಜಾಗದಲ್ಲೇ ಇದನ್ನು ಕಟ್ಟಿಸಿದನೆಂದು ಪ್ರತೀತಿ. ನಾರ್ಮನ್ನರನ್ನು ರಣರಂಗದಲ್ಲಿ ಎದುರಿಸಿ, 1194ರಲ್ಲಿ ಸಾಯುವವರೆಗೂ ಲಿಮರಿಕ್ಕನ್ನು ಉಳಿಸಿಕೊಂಡವನು ಅವನು. ಒಳಗೆ ಹದಿನೈದನೆಯ ಶತಮಾನದ ಓಕ್ ಮರದ ಆಸನಗಳಿವೆ. ದೀರ್ಘ ಪ್ರಾರ್ಥನೆಯಲ್ಲಿ ನಿಂತವರು ಒರಗಿಕೊಳ್ಳಲೆಂದು ಮಡಚಿದ ಹಲಗೆಯ ಅಡಿಗೆ ಮಾಡಿಸಿದ ಪುಟ್ಟ ಆಧಾರಗಳ ಮೇಲೆಲ್ಲ ಮೃಗಗಳ, ಪಕ್ಷಿಗಳ ಕೆತ್ತನೆ. ಎಷ್ಟೋ ತಲೆಮಾರುಗಳ ಮೈ ತಾಗಿ ಮರ ಕಪ್ಪಗೆ ನುಣುಪಾಗಿದೆ. ನಮ್ಮ ದೇವಸ್ಥಾನದ ಕಂಬಗಳಲ್ಲಿ ಜನ ಮುಟ್ಟಿ ಮುಟ್ಟಿ ಹೊಳಪು ಬಂದ ಭಾಗಗಳು ನೆನಪಾದವು.

ಐದನೆಯ ದಿನ: ಡ್ರೊಮೊಲಂಡ್

ಈ ಪ್ರವಾಸದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಒಂದು ಕಲ್ಲಿನ ಹೆಬ್ಬಾಗಿಲಿನ ಮುಂದೆ. ಡ್ರೊಮೊಲಂಡ್ ಕೋಟೆ ಕ್ಲೇರ್ ಸೀಮೆಯಲ್ಲಿದೆ. ಓ'ಬ್ರಿಯನ್ನರ ಇಂಚಿಕ್ವಿನ್ ಶಾಖೆಯ ವಾಸಸ್ಥಾನವಾಗಿದ್ದದ್ದು ಈಗ ದೊಡ್ಡ ಹೋಟೆಲು. ನಾವು ಅಲ್ಲಿ ಊಟ ಮಾಡಿ ಗೋಡೆಯೊಳಗಿನ ಹೂದೋಟಕ್ಕೆ ಹೋದೆವು. ಅಲ್ಲಿ ನಿಂತಿರುವ ಹೆಬ್ಬಾಗಿಲು ಮೂಲತಃ ಇಲ್ಲಿಯದಲ್ಲ, ಲೆಮನೇ ಎಂಬಲ್ಲಿಯ ಹಳೆಯ ಮನೆಯಿಂದ ಬಿಚ್ಚಿ ತಂದು ನಿಲ್ಲಿಸಿದ್ದು. ಇದು 1643ರಲ್ಲಿ ಕಾನರ್ ಓ'ಬ್ರಿಯನ್ ಮತ್ತು ಅವನ ಹೆಂಡತಿ ಮೇರಿ ನಿ ಮಹೋನ್ ಕಟ್ಟಿಸಿದ್ದೆಂಬ ಬರಹ ಅದರಲ್ಲಿದೆ. ಗಂಡನ ಹೆಸರಿನ ಜೊತೆಗೆ ಹೆಂಡತಿಯ ಹೆಸರೂ ಕಲ್ಲಿನಲ್ಲಿ ನಿಂತಿರುವುದನ್ನು ನೋಡಿ ಮಗಳಿಗೆ ಬಹಳ ಹಿಗ್ಗು. ಅದರಲ್ಲಿಯೂ 'ನಿ' ಎಂಬ ಒಂದಕ್ಷರವನ್ನು ಗಮನಿಸಬೇಕು. ಐರಿಷ್ ಪದ್ಧತಿಯಲ್ಲಿ 'ಓ' ಗಂಡಸಿನ ಹೆಸರಿಗೆ ಮಾತ್ರ. ಮಗಳಾದರೆ 'ನಿ', ಸೊಸೆಯಾಗಿ ಬಂದವಳಾದರೆ 'ಉಯಿ'. ಈ ಮೇರಿ ಮದುವೆಯಾದ ಮೇಲೂ ತವರಿನ ಹೆಸರನ್ನೇ ಉಳಿಸಿಕೊಂಡಿದ್ದಳೆಂದು ಆ ಒಂದಕ್ಷರ ಸಾರುತ್ತದೆ. ಕೆಂಗೂದಲಿನವಳಾದ್ದರಿಂದ ಜನ ಅವಳನ್ನು ಮಾಯ್ರಾ ರೂವಾ, ಕೆಂಪು ಮೇರಿ ಎಂದು ಕರೆದರು.

ಸಿಂಹಗಳ ಪ್ರಶ್ನೆಗೆ ಉತ್ತರ ಸಿಗುವುದು ಈ ಮನೆತನ 1543ರಲ್ಲಿ ಮಾಡಿದ ಒಂದು ತೀರ್ಮಾನದಲ್ಲಿ ಎಂದು ನನ್ನ ಅಭಿಪ್ರಾಯ. ಅದುವರೆಗೆ ಕುಲದ ಮುಖ್ಯಸ್ಥನನ್ನು ಆರಿಸುತ್ತಿದ್ದರು. ಒಬ್ಬ ಮುತ್ತಾತನಿಂದ ಬಂದ ಗಂಡಸರಲ್ಲಿ ಸಮರ್ಥನಾದವನಿಗೆ ಪಟ್ಟ. ಹಿರಿಯ ಮಗನಿಗೇ ಸಿಗಬೇಕೆಂದಿರಲಿಲ್ಲ. ಆ ವರ್ಷ ಮರೋ ಓ'ಬ್ರಿಯನ್ ಇಂಗ್ಲೆಂಡಿಗೆ ಹೋಗಿ ಎಂಟನೆಯ ಹೆನ್ರಿಗೆ ತನ್ನ ನಾಡನ್ನು ಒಪ್ಪಿಸಿ, ಅದನ್ನೇ ಅವನ ಕೈಯಿಂದ ಮರಳಿ ಪಡೆದು, ಥೋಮಂಡ್‌ನ ಅರ್ಲ್ ಮತ್ತು ಇಂಚಿಕ್ವಿನ್‌ನ ಬ್ಯಾರನ್ ಎಂಬ ಪದವಿಗಳನ್ನು ಹೊತ್ತು ಬಂದ. ಹೋಗುವಾಗ ಅರಸ, ಬರುವಾಗ ಸಾಮಂತ. ಇಂಗ್ಲಿಷ್ ಪದವಿಯ ಜೊತೆಗೆ ಇಂಗ್ಲಿಷ್ ಕಾನೂನೂ ಬಂತು: ಇನ್ನು ಮುಂದೆ ಬ್ಯಾರನ್ ಪದವಿ ಹಿರಿಯ ಮಗನಿಗೆ. ಪದವಿಯವರಿಗೆ ಗುರಾಣಿಯೂ ಲಾಂಛನವೂ ಇರಲೇಬೇಕಾದ ಲೋಕ ಅದು. ಇಂಗ್ಲೆಂಡಿನ ರಾಜರ ಗುರಾಣಿಯಲ್ಲಿರುವುದೂ ಕೆಂಪಿನ ಮೇಲೆ ನಡೆಯುವ, ಮುಖ ತಿರುಗಿಸಿದ ಮೂರು ಚಿನ್ನದ ಸಿಂಹಗಳೇ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ, ಹಿಂಭಾಗದ ಬೆಳ್ಳಿಯೊಂದೇ ಇವನ್ನು ಅವುಗಳಿಂದ ಬೇರ್ಪಡಿಸುತ್ತದೆ. ಓ'ನೀಲ್ ಮನೆತನದ ಕೆಂಪು ಹಸ್ತದಂಥ ಚಿಹ್ನೆಗಳಲ್ಲಿ ನಾಡಿನ ಹಳೆಯ ವಾಸನೆ ಇದೆ. ಈ ಸಿಂಹಗಳು ಮಾತ್ರ ಹೊರಗಿನ ದೊರೆಯ ಆಸ್ಥಾನದ ಭಾಷೆಯನ್ನೇ ಆಡುತ್ತವೆ. ಇಂಚಿಕ್ವಿನ್ ಶಾಖೆಯವರು ಐರಿಷ್ ವಾಕ್ಯದ ಜೊತೆಗೆ 'ಬಲ ಮೇಲಿನಿಂದ' ಎಂಬ ಅರ್ಥದ ಫ್ರೆಂಚ್ ವಾಕ್ಯವನ್ನೂ ಬಳಸಿದರು. ಮೋಡದಿಂದ ಇಳಿದ ತೋಳಿಗೆ ಅದೇ ಹೆಚ್ಚು ಹೊಂದುತ್ತದೆ.

ಸಂಜೆ ವಸತಿಗೃಹದಲ್ಲಿ ಅಳಿಯ ತನ್ನ ಲ್ಯಾಪ್‌ಟಾಪ್ ತೆರೆದು ಹಳೆಯ ಜನಗಣತಿಯ ಹಾಳೆಗಳನ್ನು ತೋರಿಸಿದ. 1922ರ ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದಾಗ ಐರ್ಲೆಂಡಿನ ದಾಖಲೆಗಳ ಬಹುಪಾಲು ಬೂದಿಯಾಯಿತು. ಇಡಿಯಾಗಿ ಉಳಿದ ಹಳೆಯ ಜನಗಣತಿಗಳು 1901 ಮತ್ತು 1911ರವು. 1901ರ ಹಾಳೆಯಲ್ಲಿ ಅವನ ಮುತ್ತಾತ 'ಬ್ರಿಯನ್' ಎಂದಷ್ಟೇ ಇದ್ದಾನೆ. ಇಂಗ್ಲಿಷ್ ಆಳ್ವಿಕೆ ಬಿಗಿಯಾಗುತ್ತಿದ್ದ ಶತಮಾನಗಳಲ್ಲಿ ಸಾವಿರಾರು ಮನೆಗಳವರು ಹೆಸರಿನ ಮುಂದಿನ 'ಓ'ವನ್ನು ಕಳಚಿಟ್ಟಿದ್ದರು. ಅದು ಇದ್ದರೆ ಹಳ್ಳಿಗ, ಪರಾಜಿತ, ಕ್ಯಾಥೋಲಿಕ್ ಎಂಬ ಗುರುತು. 1893ರಲ್ಲಿ ಗೇಲಿಕ್ ಲೀಗ್ ಸ್ಥಾಪನೆಯಾಗಿ ಭಾಷೆಯ ಅಭಿಮಾನ ಮತ್ತೆ ಚಿಗುರಿದಾಗ, ಜನ ಅದನ್ನು ಮರಳಿ ಧರಿಸತೊಡಗಿದರು. 1911ರ ಹಾಳೆಯಲ್ಲಿ ಅದೇ ಮನುಷ್ಯ, ಅದೇ ಹಳ್ಳಿ, ಅದೇ ಓರೆಯಾದ ಕೈಬರಹ. ಆದರೆ ಸಹಿಯ ಜಾಗದಲ್ಲಿ ಬ್ರಿಯನ್‌ನ ಮುಂದೆ ಒಂದು ಓ, ಉಳಿದ ಅಕ್ಷರಗಳಿಗಿಂತ ತುಸು ದೊಡ್ಡದಾಗಿ, ಶಾಯಿ ದಟ್ಟವಾಗುವಷ್ಟು ಒತ್ತಿ ಬರೆದದ್ದು. ಅವನು ಕೂಲಿಗೆ ಹೋಗುತ್ತಿದ್ದ ಬಡ ರೈತ. ಯಾವ ಅರ್ಲ್ ಪದವಿಯೂ, ಯಾವ ಸಿಂಹವೂ ಅವನ ಪಾಲಿಗೆ ಬಂದಿರಲಿಲ್ಲ. ಹೆಸರು ಬಂದಿತ್ತು, ಅದನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಂಡಿದ್ದ. ಆ ಹಾಳೆಯನ್ನು ನೋಡುತ್ತ ಅಳಿಯ ಬಹಳ ಹೊತ್ತು ಮಾತನಾಡಲಿಲ್ಲ.

ಆರನೆಯ ದಿನ: ಲೆಮನೇ, ಕಾರ್ಕಮ್ರೋ

ಹೆಬ್ಬಾಗಿಲು ಕಳೆದುಕೊಂಡ ಲೆಮನೇ ಮನೆಯನ್ನು ರಸ್ತೆಯಿಂದಲೇ ನೋಡಿದೆವು, ಏಕೆಂದರೆ ಅದು ಖಾಸಗಿ ಜಮೀನಿನಲ್ಲಿದೆ. ಹದಿನೈದನೆಯ ಶತಮಾನದ ಕಿರಿದಾದ ಗೋಪುರಕ್ಕೆ ಅಂಟಿಕೊಂಡಂತೆ ಹದಿನೇಳನೆಯ ಶತಮಾನದ ನಾಲ್ಕಂತಸ್ತಿನ ಗೋಡೆ ನಿಂತಿದೆ; ಸಾಲು ಕಿಟಕಿಗಳ ಮೂಲಕ ಆಚೆಯ ಆಕಾಶ ಕಾಣುತ್ತದೆ. 1651ರಲ್ಲಿ ಕಾನರ್, ಐರ್ಲೆಂಡಿನ ಮೇಲೆ ದಂಡೆತ್ತಿ ಬಂದಿದ್ದ ಇಂಗ್ಲೆಂಡಿನ ಸೇನಾನಿ ಕ್ರಾಮ್‌ವೆಲ್ಲನ ಪಡೆಗಳ ವಿರುದ್ಧದ ಹೋರಾಟದಲ್ಲಿ ಸತ್ತ. ಕೆಂಪು ಮೇರಿ ಆಮೇಲೆ ಅದೇ ಕ್ರಾಮ್‌ವೆಲ್ಲನ ಸೈನ್ಯದ ಅಧಿಕಾರಿಯೊಬ್ಬನನ್ನು ಮದುವೆಯಾಗಿ, ಮಗ ಡೊನೋನಿಗೆ ಸೇರಬೇಕಾದ ಆಸ್ತಿಯನ್ನು ಉಳಿಸಿದಳು. ಅವಳ ಬಗ್ಗೆ ಜನ ಕಟ್ಟಿರುವ ಕ್ರೂರ ಕಥೆಗಳು ಬೇಕಾದಷ್ಟಿವೆ. ವಿಧವೆಯೊಬ್ಬಳು ಮಕ್ಕಳ ಅನ್ನಕ್ಕಾಗಿ ನುಂಗಿಕೊಂಡದ್ದು ಎಷ್ಟೆಂಬುದನ್ನು ಆ ಕಥೆಗಳು ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ನನಗೆ ಬೇಸರವಾಯಿತು.

ಅಲ್ಲಿಂದ ಉತ್ತರಕ್ಕೆ ಬರ್ರೆನ್ ಎಂಬ ಕಲ್ಲುನಾಡು. ಬೂದುಬಣ್ಣದ ಸುಣ್ಣಕಲ್ಲಿನ ಹಾಸು ಗುಡ್ಡದಿಂದ ಗುಡ್ಡಕ್ಕೆ ಹಬ್ಬಿದೆ. ಬಿರುಕುಗಳಲ್ಲಿ ಮಾತ್ರ ಹೂಗಿಡಗಳು. ಈ ಕಲ್ಲುಗಳ ನಡುವಿನ ಹಸಿರು ಕಣಿವೆಯಲ್ಲಿ ಓ'ಬ್ರಿಯನ್ ಅರಸರು ಸಿಸ್ಟರ್ಶಿಯನ್ ಸನ್ಯಾಸಿಗಳಿಗೆ ಕಟ್ಟಿಸಿಕೊಟ್ಟ ಕಾರ್ಕಮ್ರೋ ಮಠವಿದೆ. 'ಫಲವತ್ತಾದ ಬಂಡೆಯ ಮೇರಿಮಾತೆ' ಎಂದು ಸನ್ಯಾಸಿಗಳು ಅದಕ್ಕೆ ಹೆಸರಿಟ್ಟರು. ಛಾವಣಿಯ ಬಹುಭಾಗ ಬಿದ್ದುಹೋಗಿದ್ದರೂ ಗರ್ಭಗುಡಿಯ ಭಾಗದ ಕಮಾನು ಇನ್ನೂ ಗಟ್ಟಿಯಾಗಿದೆ. ಅದರ ಉತ್ತರದ ಗೋಡೆಯ ಗೂಡಿನಲ್ಲಿ, 1268ರಲ್ಲಿ ಹತ್ತಿರದ ಕಾಳಗದಲ್ಲಿ ಮಡಿದ ಅರಸ ಕಾನರ್ ಓ'ಬ್ರಿಯನ್ ಕಲ್ಲಾಗಿ ಮಲಗಿದ್ದಾನೆ.

ಮಳೆ ನಿಂತು ಓರೆ ಬಿಸಿಲು ಬಿದ್ದಿತ್ತು. ಮೊಮ್ಮಗ ಮಂಡಿಯೂರಿ ಕುಳಿತು ಅರಸನನ್ನು ತಲೆಯಿಂದ ಕಾಲವರೆಗೆ ನಿಧಾನವಾಗಿ ನೋಡಿದ. ತಲೆಯ ಮೇಲೆ ಹೂದಳಗಳ ಕಿರೀಟ. ಮೈತುಂಬ ನಿರಿಗೆಯ ನಿಲುವಂಗಿ. ಒಂದು ಕೈಯಲ್ಲಿ ರಾಜದಂಡ, ಇನ್ನೊಂದು ಕೈ ಕೊರಳಿನಲ್ಲಿ ತೂಗುವ ಚಿಕ್ಕ ಪೆಟ್ಟಿಗೆಯನ್ನು ಹಿಡಿದಿದೆ. ಕತ್ತಿಯಿಲ್ಲ, ಗುರಾಣಿಯಿಲ್ಲ.

"ಇವನಿಗೂ ಸಿಂಹ ಇಲ್ಲ ತಾತ," ಎಂದ. "ಆದರೆ ಇವನೂ ಓ'ಬ್ರಿಯನ್ ಅಲ್ಲವೇ?"

"ಹೌದಪ್ಪ, ಇವನೂ ಮೊಮ್ಮಗನೇ" ಎಂದೆ. ಅವನು ಆ ಕಲ್ಲಿನ ಕಿರೀಟದ ಮೇಲೆ ಬಿದ್ದಿದ್ದ ಎಲೆಯೊಂದನ್ನು ಬೆರಳಿನಿಂದ ತೆಗೆದು ಪಕ್ಕಕ್ಕಿಟ್ಟ.